ಕುಂಭಕರ್ಣನ ಖರ್ಚುವೆಚ್ಚ

ಬೇಸಿಗೆಯ ರಜೆಗೆಂದು ಬೆಂಗಳೂರಿನಿಂದ ಹಿರೇಗುತ್ತಿಗೆ ಬಂದಿದ್ದ ಮೊಮ್ಮಗನು ಒಂದು ಮಧ್ಯಾಹ್ನ ಜಗಲಿಯ ಮೇಲೆ ಬೋರಲು ಮಲಗಿ ವಹಿಯಲ್ಲಿ ಏನನ್ನೋ ಗೀಚುತ್ತಿದ್ದನು. ಇಣಿಕಿ ನೋಡಿದೆ. ಪುಟದ ತುಂಬ ಒಬ್ಬ ಉಕ್ಕಿನ ದೈತ್ಯ. ಹೆಗಲ ಮೇಲೆ ಫಿರಂಗಿ. ಎದೆಯೊಳಗೆ ಅವನನ್ನು ನಡೆಸುವವನಿಗೊಂದು ಪುಟ್ಟ ಕೋಣೆ. ಬೆನ್ನಿನಿಂದ ಹೊರಟು ಪುಟದ ಅಂಚಿನವರೆಗೆ ಹರಿದುಹೋದ ಒಂದು ದಪ್ಪ ಗೆರೆ.

"ಈ ಬಾಲ ಯಾಕೋ?" ಎಂದು ಕೇಳಿದೆ.

"ಬಾಲ ಅಲ್ಲ ಅಜ್ಜ, ಕರೆಂಟಿನ ತಂತಿ. ಅದು ಕಿತ್ತುಹೋದರೆ ಐದೇ ನಿಮಿಷ, ಆಮೇಲೆ ನಿಂತಲ್ಲೇ ನಿಂತುಬಿಡುತ್ತೆ" ಎಂದನು.

ನಕ್ಕೆ. ಆದರೆ ಆ ನಗೆ ತುಟಿಯ ಮೇಲೆ ಬಹಳ ಹೊತ್ತು ಉಳಿಯಲಿಲ್ಲ. ಸುಮಾರು ನಲವತ್ತು ವರ್ಷಗಳ ಹಿಂದೆ, ನಾನು ಏಳನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದಾಗ, ಕೊನೆಯ ಬೆಂಚಿನ ಹುಡುಗನೊಬ್ಬನು ಪಾಠದ ನಡುವೆ ಇಂಥದೇ ಒಂದು ಚಿತ್ರವನ್ನು ಬರೆದು ಸಿಕ್ಕಿಬಿದ್ದಿದ್ದನು. ಕಬ್ಬಿಣದ ಕುಂಭಕರ್ಣ! ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಪಟ್ಟಿ: ದಿನಕ್ಕೆ ಅಕ್ಕಿ ಇಷ್ಟು ಗಾಡಿ, ಎಣ್ಣೆ ಇಷ್ಟು ಡಬ್ಬಿ, ನೀರು ಇಷ್ಟು ಕೊಡ. ನಾನು ಆ ಹಾಳೆಯನ್ನು ಹರಿದು ಮೇಜಿನ ಖಾನೆಯೊಳಗೆ ಹಾಕಿ, "ಸುಳ್ಳು ಹೇಳುವುದೊಂದು ಕೇಡು, ಸುಳ್ಳಿಗೆ ಲೆಕ್ಕ ಬರೆಯುವುದು ಇನ್ನೊಂದು ಕೇಡು" ಎಂದೆ. ತರಗತಿಯೆಲ್ಲ ನಕ್ಕಿತು. ಆ ಹುಡುಗ ಮತ್ತೆ ನನ್ನೆದುರು ಏನನ್ನೂ ಕೇಳಿದ್ದು ನೆನಪಿಲ್ಲ.

ಅಂದು ಆಡಿದ ಆ ಮಾತು ತಪ್ಪೆಂದು ಈಗ ನನಗೆ ಮನವರಿಕೆಯಾಗಿದೆ. ಕಲ್ಪನೆಯ ದೈತ್ಯನು ನಂಬಿಕೆಗೆ ಪಾತ್ರನಾಗುವುದು ಅವನ ಗಾತ್ರದಿಂದಲ್ಲ, ಅವನ ಲೆಕ್ಕದಿಂದ.

ಉಕ್ಕಿನ ದೈತ್ಯರ ಕಥೆಗಳಿಗೆ ಇಂದು ತವರುಮನೆ ಜಪಾನು. 1956ರಲ್ಲಿ ಯೊಕೊಯಾಮ ಮಿತ್ಸುತೆರು ಅವರ ಚಿತ್ರಕಥೆಯಲ್ಲಿ 'ಟೆಟ್ಸುಜಿನ್ 28' ಎಂಬ ಲೋಹಪುರುಷನು ಕಾಣಿಸಿಕೊಂಡನು. 1979ರಲ್ಲಿ ದೂರದರ್ಶನದ ಚಿತ್ರಮಾಲೆಯಾಗಿ ಬಂದ 'ಗುಂಡಮ್' ಅಂಥ ದೈತ್ಯನನ್ನು ಪವಾಡವೆಂದು ಬಗೆಯದೆ ಸೇನೆಯ ಒಂದು ಸಾಮಾನು ಎಂದು ಬಗೆಯಿತು. ಅದರ ಎತ್ತರ 18 ಮೀಟರು. ಬರಿಯ ತೂಕ 43.4 ಟನ್ನು, ಸಕಲ ಸಜ್ಜಾದಾಗ 60 ಟನ್ನು. ಅದಕ್ಕೆ ದುರಸ್ತಿಯ ಹಡಗು ಬೇಕು, ಬಿಡಿಭಾಗಗಳು ಬೇಕು. ಮೊಮ್ಮಗನ ಚಿತ್ರದ ತಂತಿಯ ಮೂಲವು 1995ರ 'ಇವಾಂಜೆಲಿಯನ್'; ಅಲ್ಲಿ ತಂತಿ ಕಡಿದ ದೈತ್ಯನಿಗೆ ಉಳಿಯುವುದು ಐದು ನಿಮಿಷಗಳ ಆಯುಸ್ಸು. ಅಮೆರಿಕದವರ 'ಬ್ಯಾಟಲ್‌ಟೆಕ್' ಎಂಬ ಆಟದಲ್ಲಿ ಶಾಖವೇ ದೊಡ್ಡ ವೈರಿ: ಆಯುಧಗಳನ್ನೆಲ್ಲ ಒಮ್ಮೆಲೇ ಹಾರಿಸಿದರೆ ಯಂತ್ರ ಕಾದು ಸ್ತಬ್ಧವಾಗುವುದು. ಕವಚ ಹೆಚ್ಚಿಸಿದರೆ ವೇಗ ಕಡಿಮೆ. ವೇಗ ಹೆಚ್ಚಿಸಿದರೆ ಆಯುಧ ಕಡಿಮೆ. ಒಂದು ಕೈಯಿಂದ ಪಡೆದುದನ್ನು ಇನ್ನೊಂದು ಕೈಯಿಂದ ತೆರಲೇಬೇಕು.

ಪ್ರಕೃತಿಯ ನಿಯಮ ಇದಕ್ಕಿಂತಲೂ ನಿರ್ದಾಕ್ಷಿಣ್ಯವಾದುದು. ಗೆಲಿಲಿಯೋ ಅದನ್ನು 1638ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾನೆ. 1.8 ಮೀಟರು ಎತ್ತರದ, 60 ಕಿಲೋ ತೂಕದ ಮನುಷ್ಯನೊಬ್ಬನನ್ನು ಅದೇ ಅಚ್ಚಿನಲ್ಲಿ ಹತ್ತುಪಟ್ಟು ಬೆಳೆಸಿರಿ. ಎತ್ತರ ತೆಂಗಿನ ಮರದಷ್ಟಾಯಿತು. ಆದರೆ ಉದ್ದ, ಅಗಲ, ದಪ್ಪ ಮೂರೂ ಹತ್ತುಪಟ್ಟಾದುದರಿಂದ ತೂಕ ಸಾವಿರಪಟ್ಟಾಯಿತು; ಎಂದರೆ 60 ಟನ್ನು. ಅಷ್ಟು ತೂಕವನ್ನು ಹೊರುವ ಮೂಳೆಯ ಅಡ್ಡಳತೆಯಾದರೋ ನೂರುಪಟ್ಟು ಮಾತ್ರ. ಪ್ರತಿಯೊಂದು ಮೂಳೆಯ ಮೇಲೂ, ಅಂಗಾಲಿನ ಕೆಳಗಿನ ನೆಲದ ಮೇಲೂ ಹೊರೆ ಹತ್ತುಮಡಿ. ಗಟ್ಟಿ ಚಿರೆಕಲ್ಲಿನ ನೆಲವಾದರೆ ಸರಿಯೆ. ಅಘನಾಶಿನಿಯ ಉಪ್ಪುನೀರು ಏರಿಳಿಯುವ, ಕಗ್ಗದ ಭತ್ತ ಬೆಳೆಯುವ ನಮ್ಮ ಗಜನಿಯ ಕೆಸರಿನಲ್ಲಿ ಬರಿಗಾಲಿನ ಮನುಷ್ಯನೇ ಹೂತುಹೋಗುವನಲ್ಲ! ಅಲ್ಲಿ ಈ ಮಹಾವೀರನ ಪರಾಕ್ರಮವು ಮೊದಲ ಹೆಜ್ಜೆಗೇ ಮುಗಿದೀತು.

ಊಟದ ಲೆಕ್ಕ ಮಾತ್ರ ಅಷ್ಟು ಭಯಂಕರವಲ್ಲ. ಪ್ರಾಣಿ ದೊಡ್ಡದಾದಷ್ಟೂ ಅದರ ಒಂದೊಂದು ಕಿಲೋ ತೂಕಕ್ಕೆ ಬೇಕಾಗುವ ಆಹಾರ ಕಡಿಮೆಯೆಂದು 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಕಂಡುಕೊಂಡನು. ಆ ಸೂತ್ರವನ್ನು ಹಿಡಿದರೆ ಸಾವಿರ ಜನರ ತೂಕದ ದೈತ್ಯನಿಗೆ ಸುಮಾರು 178 ಜನರ ಊಟ ಸಾಕು. ತಲೆಗೆ ಅರ್ಧ ಕಿಲೋದಂತೆ ಹಿಡಿದರೆ ದಿನಕ್ಕೆ ಒಂದು ಕ್ವಿಂಟಲಿಗೂ ತುಸು ಕಡಿಮೆ ಅಕ್ಕಿ. ಅನ್ನ ಸಿಕ್ಕೀತು, ಸಾಲದೆ ಬರುವುದು ಮೂಳೆ.

ಇದೆಲ್ಲ ಪರದೇಶದ ಹೊಸ ಬುದ್ಧಿಯೆಂದು ಭಾವಿಸಬೇಕಾಗಿಲ್ಲ. ವಾಲ್ಮೀಕಿಯ ಯುದ್ಧಕಾಂಡವನ್ನು ಈ ಕಣ್ಣಿನಿಂದ ಮತ್ತೆ ಓದಿದಾಗ ನಾನು ಬೆರಗಾದೆ. ಕುಂಭಕರ್ಣನ ವಿಷಯದಲ್ಲಿ ಆದಿಕವಿಯು ಗಾತ್ರವನ್ನು ಹೇಳಿ ಸುಮ್ಮನಾಗುವುದಿಲ್ಲ, ವೆಚ್ಚವನ್ನೂ ಹೇಳುತ್ತಾನೆ. ಆರು ತಿಂಗಳ ನಿದ್ದೆಗೆ ಒಂದು ದಿನದ ಎಚ್ಚರ. ಎಬ್ಬಿಸುವ ಮೊದಲು ಜಿಂಕೆ, ಕೋಣ, ಹಂದಿಗಳ ಮಾಂಸದ ರಾಶಿ, ಅನ್ನದ ರಾಶಿ, ರಕ್ತದ ಕೊಡಗಳು ಸಿದ್ಧವಾಗಬೇಕು. ಭೇರಿಗಳಿಗೂ ಏಳದವನು ಮೈಮೇಲೆ ಸಾವಿರ ಆನೆಗಳನ್ನು ಓಡಿಸಿದ ಮೇಲೆ ಎದ್ದನು. ಎದ್ದು ಬಂದವನನ್ನು ಕಂಡು ವಾನರರು ದಿಕ್ಕಾಪಾಲಾದರು. ಆಗ ವಿಭೀಷಣನು ರಾಮನಿಗೆ ಕೊಡುವ ಸಲಹೆಯನ್ನು ಗಮನಿಸಬೇಕು: ಇದು ಎತ್ತಿ ನಿಲ್ಲಿಸಿದ ಒಂದು ಯಂತ್ರವೆಂದು ವಾನರರಿಗೆಲ್ಲ ಹೇಳಿಸು, ಹಾಗೆಂದು ತಿಳಿದರೆ ಅವರ ಭಯ ಹೋಗುವುದು!

ಎಂಥ ಸೂಕ್ಷ್ಮ! ರಾಕ್ಷಸನೆಂದರೆ ಓಡುವವರು ಯಂತ್ರವೆಂದರೆ ನಿಲ್ಲುವರು. ಏಕೆಂದರೆ ಯಂತ್ರಕ್ಕೆ ಮಿತಿಯುಂಟು. ಅದನ್ನು ಯಾರೋ ಕಟ್ಟಿದ್ದಾರೆ, ಯಾರೋ ನಡೆಸುತ್ತಿದ್ದಾರೆ. ಅದಕ್ಕೆ ಎಣ್ಣೆ ತೀರೀತು, ಕೀಲು ಕಳಚೀತು. ಭಯವು ಮಿತಿಯನ್ನು ಕಂಡೊಡನೆ ಕರಗುತ್ತದೆ. ಆ ಕಬ್ಬಿಣದ ಕುಂಭಕರ್ಣನನ್ನು ಬರೆದ ಹುಡುಗನು ತಿಳಿದೋ ತಿಳಿಯದೆಯೋ ವಿಭೀಷಣನ ದಾರಿಯನ್ನೇ ಹಿಡಿದಿದ್ದನು.

ಮಹಾಭಾರತದ ಲೆಕ್ಕ ಇನ್ನೊಂದು ಬಗೆಯದು. ಘಟೋತ್ಕಚನು ಸಾಯುವಾಗ ಮೈಯನ್ನು ಬೆಳೆಸಿ ಕೌರವರ ಒಂದು ಅಕ್ಷೌಹಿಣಿಯ ಮೇಲೆ ಉರುಳಿದನಂತೆ. ಅಕ್ಷೌಹಿಣಿಯೆಂದರೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಆದರೆ ನಿಜವಾದ ನಷ್ಟ ಅದಲ್ಲ. ಅರ್ಜುನನಿಗೆಂದು ಕರ್ಣನು ಕಾದಿರಿಸಿದ್ದ, ಒಂದೇ ಸಲ ಎಸೆಯಬಹುದಾಗಿದ್ದ ಇಂದ್ರದತ್ತ ಶಕ್ತಿ ಅಂದು ರಾತ್ರಿ ಖರ್ಚಾಗಿಹೋಯಿತು. ಕೃಷ್ಣನು ಸಂತೋಷಪಟ್ಟುದು ಈ ಜಮಾಖರ್ಚನ್ನು ನೋಡಿಯೇ. ಮಗನನ್ನು ಕಳೆದುಕೊಂಡ ಭೀಮನಿಗೆ ಮಾತ್ರ ಯಾವ ಲೆಕ್ಕವೂ ಸರಿಹೊಂದಲಾರದು.

ಇನ್ನು ನಮ್ಮ ಯಕ್ಷಗಾನದ ಕುಂಭಕರ್ಣನನ್ನು ನೋಡಿರಿ. ಮನುಷ್ಯನನ್ನು ಹತ್ತುಪಟ್ಟು ಮಾಡಲು ಮೇಳದವರಿಗೂ ಸಾಧ್ಯವಿಲ್ಲ. ಹಗುರ ಮರದಲ್ಲಿ ಕೆತ್ತಿದ ಕಿರೀಟ, ಮೈಗೆ ಸುತ್ತಿದ ಬಟ್ಟೆಯ ದಪ್ಪ, ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯಿಂದ ಮುಳ್ಳೆದ್ದ ಮುಖ, ಇವಿಷ್ಟರಿಂದ ರಾಕ್ಷಸನು ಹುಟ್ಟಬೇಕು. ಚೌಕಿಯಲ್ಲಿ ತಾಸುಗಟ್ಟಲೆ ಕುಳಿತು ಬಣ್ಣ ಬರೆದುಕೊಂಡವನು ಹೊರಗೆ ಬಂದಮೇಲೆ ಪುಂಡುವೇಷದಂತೆ ಗಿರಕಿ ಹೊಡೆಯಲಾರ; ಹೊಡೆಯಹೋದರೆ ಕಿರೀಟ ವಾಲುತ್ತದೆ. ಆದುದರಿಂದ ಅವನ ಹೆಜ್ಜೆ ನಿಧಾನ. ಮೊದಲು ತೆರೆಯ ಹಿಂದೆ ಅಬ್ಬರ, ಆಮೇಲೆ ತೆರೆಯ ಮೇಲೆ ಕಿರೀಟದ ತುದಿ, ಆಮೇಲೆ ಕಣ್ಣು. ಚಲನೆಯಲ್ಲಿ ಕಳೆದುಕೊಂಡುದನ್ನು ನಮ್ಮ ಕಲಾವಿದರು ಕಾಯಿಸುವುದರಲ್ಲಿ ಗಳಿಸಿಕೊಂಡರು. ಬಾಲ್ಯದಲ್ಲಿ ಆಟ ಮುಗಿದ ಬೆಳಗಿನ ಜಾವ ಚೌಕಿಯೊಳಗೆ ಇಣಿಕಿದಾಗ, ಕಿರೀಟ ಇಳಿಸಿದ ರಾಕ್ಷಸನು ಎರಡೂ ಕೈಗಳಿಂದ ಕತ್ತನ್ನು ಒತ್ತಿಕೊಳ್ಳುತ್ತ ಕುಳಿತಿದ್ದುದನ್ನು ಕಂಡಿದ್ದೆ. ಕುಂಭಕರ್ಣನ ಭಾರ ಬಿದ್ದುದು ಒಬ್ಬ ಬಡಕಲು ಮನುಷ್ಯನ ಕತ್ತಿನ ಮೇಲೆ.

ಜಪಾನಿನವರೂ ಈ ಪಾಠವನ್ನು ಕಲಿತರು. ಯೊಕೊಹಾಮದಲ್ಲಿ 18 ಮೀಟರು ಎತ್ತರದ, ಕೈಕಾಲು ಆಡಿಸುವ ಗುಂಡಮನ್ನು ನಿಜವಾಗಿಯೇ ಕಟ್ಟಿ 2020ರ ಡಿಸೆಂಬರಿನಿಂದ 2024ರ ಮಾರ್ಚಿಯವರೆಗೆ ಪ್ರದರ್ಶನಕ್ಕಿಟ್ಟಿದ್ದರು. ತೂಕವನ್ನು 25 ಟನ್ನಿಗೆ ಇಳಿಸಿದ್ದರು. ಆದರೂ ಅದು ತನ್ನ ಕಾಲಮೇಲೆ ತಾನು ನಿಲ್ಲಲಿಲ್ಲ. ಹಿಂದಿನಿಂದ ಸೊಂಟವನ್ನು ಹಿಡಿದ ಉಕ್ಕಿನ ಆಧಾರವೊಂದು ಅದನ್ನು ಹೊತ್ತಿತ್ತು.

ಇಷ್ಟನ್ನು ಯೋಚಿಸಿದ ಮೇಲೆ ಮನೆಯಲ್ಲಿ ಕುಳಿತಿರಲು ಮನಸ್ಸಾಗಲಿಲ್ಲ. ನನ್ನ ಆ ಹಳೆಯ ವಿದ್ಯಾರ್ಥಿ ಈಗ ಕುಮಟೆಯಲ್ಲಿ ದೋಣಿಯ ಇಂಜಿನುಗಳನ್ನು ದುರಸ್ತಿ ಮಾಡುತ್ತಾನೆ. ಮೊಮ್ಮಗನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಅವನು ಎಣ್ಣೆಗೈಯನ್ನು ಒರೆಸಿಕೊಂಡು ಎದ್ದು ನಿಂತನು. ತಲೆಯಲ್ಲಿ ನರೆ ಕಾಣಿಸಿಕೊಂಡಿತ್ತು. ಆ ಹಾಳೆಯ ಮಾತನ್ನೆತ್ತಿ, "ಅಂದು ನಾನು ಮಾಡಿದ್ದು ತಪ್ಪು, ತಮ್ಮಾ" ಎಂದೆ.

ಅವನು ನಾಚಿ ನಕ್ಕನು. "ಅದನ್ನು ಇನ್ನೂ ನೆನಪಿಟ್ಟುಕೊಂಡಿದ್ದೀರಾ, ಮಾಸ್ತರೇ? ಊಟದ ಲೆಕ್ಕ ಎಲ್ಲ ಬರೆದಿದ್ದೆ. ಒಂದೇ ಒಂದು ಬಾಕಿ ಉಳಿದಿತ್ತು. ಅಷ್ಟು ಭಾರದ್ದು ನಮ್ಮ ಗಜನಿಯಲ್ಲಿ ನಿಲ್ತದೋ, ಹೂತುಹೋಗ್ತದೋ? ಪಾಠ ಮುಗಿದ ಮೇಲೆ ನಿಮ್ಮ ಹತ್ತಿರ ಕೇಳಬೇಕು ಅಂತಿದ್ದೆ."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಗೆಲಿಲಿಯೋನ ಬಾಗಿಲವರೆಗೆ ತಾನಾಗಿಯೇ ನಡೆದುಹೋಗಿದ್ದ ಹುಡುಗನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿ ನಗಿಸಿದ್ದೆ. ನಾನು ಉತ್ತರವನ್ನು ಹುಡುಕುತ್ತಿರುವಷ್ಟರಲ್ಲಿ ಮೊಮ್ಮಗನು ವಹಿಯನ್ನು ಬಿಚ್ಚಿ ಅವನ ಮುಂದೆ ಹಿಡಿದಿದ್ದನು. ಇಬ್ಬರೂ ಒಂದು ಇಂಜಿನಿನ ಪೆಟ್ಟಿಗೆಯ ಮೇಲೆ ಕುಳಿತು ದೈತ್ಯನ ಪಾದವನ್ನು ಅಗಲ ಮಾಡತೊಡಗಿದರು. ಕಡೆಯ ಬಸ್ಸಿನ ಹೊತ್ತಾಗುವವರೆಗೆ ನಾನು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದೆ.