ಸಂಶೋಧನೆಗೊಂದು ಅಳಿಯದ ಗುರುತು

ಪ್ರಬಂಧವೊಂದರ ಕೊನೆಯಲ್ಲಿ ಅಚ್ಚಾದ ಅಂತರ್ಜಾಲ ವಿಳಾಸ ಹತ್ತು ವರ್ಷಗಳ ನಂತರವೂ ತೆರೆದುಕೊಳ್ಳುತ್ತದೆಂಬ ಖಾತರಿಯಿಲ್ಲ. ಪ್ರಕಾಶನ ಸಂಸ್ಥೆ ಕೈ ಬದಲಾಗುತ್ತದೆ, ವಿಶ್ವವಿದ್ಯಾಲಯ ಹೊಸ ಜಾಲತಾಣ ಕಟ್ಟುತ್ತದೆ, ಹಳೆಯ ಕೊಂಡಿ ಸತ್ತುಹೋಗುತ್ತದೆ. 1990ರ ದಶಕದಲ್ಲೇ ಇದಕ್ಕೆ ಕಂಡುಕೊಂಡ ಉಪಾಯ ಸ್ಥಿರ ಗುರುತು ಸಂಖ್ಯೆ. ಬರಹಕ್ಕೆ ಬದಲಾಗದ ಸಂಖ್ಯೆಯೊಂದನ್ನು ಕೊಟ್ಟು, ಅದು ಸದ್ಯ ಎಲ್ಲಿದೆ ಎಂಬುದನ್ನು ಪ್ರತ್ಯೇಕ ದಾಖಲೆಯಲ್ಲಿ ಬರೆದಿಡಲಾಗುತ್ತದೆ. ಜಾಗ ಬದಲಾದರೆ ದಾಖಲೆ ತಿದ್ದಿದರಾಯಿತು. ಹಾಗಾಗಿ ಸಂಖ್ಯೆ ಬಾಳುವುದು ತಂತ್ರಜ್ಞಾನದ ಬಲದಿಂದಲ್ಲ, ತಿದ್ದುವ ಹೊಣೆ ಹೊತ್ತವರಿಂದ. ಇದು ಮುಂದೆ ಸರ್ಕಾರಗಳ ಮಟ್ಟದ ವಿಷಯವಾದದ್ದೂ ಈ ಕಾರಣಕ್ಕೇ.

2000ದಲ್ಲಿ ಪ್ರಕಾಶಕರು ಸೇರಿ ಕಟ್ಟಿದ ಕ್ರಾಸ್‌ರೆಫ್ ಪ್ರಬಂಧಗಳಿಗೆ ಡಿಒಐ ಎಂಬ ಸ್ಥಿರ ಸಂಖ್ಯೆಯ ವ್ಯವಸ್ಥೆ ಮಾಡಿತು. 2009ರಲ್ಲಿ ಡೇಟಾಸೈಟ್ ಸಂಸ್ಥೆ ಅದನ್ನು ದತ್ತಾಂಶಕ್ಕೂ ತಂದಿತು. ಸಂಶೋಧಕರಿಗಾಗಿ 16 ಅಂಕಿಗಳ ಓರ್ಕಿಡ್ 2012ರಲ್ಲಿ, ಸಂಸ್ಥೆಗಳಿಗಾಗಿ ರೋರ್ 2019ರಲ್ಲಿ ಬಂದವು. ಓರ್ಕಿಡ್ ಯಾಕೆ ಬೇಕೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಊರಿನ, ತಂದೆಯ ಹೆಸರಿನ ಇನಿಷಿಯಲ್ ಒಂದು ಪತ್ರಿಕೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಅಚ್ಚಾದರೆ ಒಬ್ಬರೇ ಇಬ್ಬರಾಗುತ್ತಾರೆ. ಒಂದೇ ಇನಿಷಿಯಲ್ಲಿನ ಇಬ್ಬರು ಮಂಜುನಾಥರು ಒಬ್ಬರಾಗಿಬಿಡುತ್ತಾರೆ.

ಸಂಖ್ಯೆಗಳು ಹೆಚ್ಚಿದವು, ಆದರೆ ಒಂದಕ್ಕೊಂದು ಬೆಸೆದುಕೊಳ್ಳಲಿಲ್ಲ. ಯಾರ ಅನುದಾನದಿಂದ ಯಾವ ಯೋಜನೆ ನಡೆಯಿತು, ಅದರಿಂದ ಯಾವ ದತ್ತಾಂಶ ಮತ್ತು ಪ್ರಬಂಧ ಹೊರಬಂದವು ಎಂಬ ಸರಪಳಿ ಸಿಗಬೇಕಾದರೆ ಅನುದಾನ ಕೊಡುವವರು, ವಿಶ್ವವಿದ್ಯಾಲಯಗಳು, ಪ್ರಕಾಶಕರು ಎಲ್ಲರೂ ಅವೇ ಸಂಖ್ಯೆಗಳನ್ನು ಬಳಸಬೇಕು. ರಾಷ್ಟ್ರೀಯ ಕಾರ್ಯತಂತ್ರದ ಯೋಚನೆ ಮೊಳೆತದ್ದು ಇಲ್ಲಿ.

ಆಸ್ಟ್ರೇಲಿಯಾ ಈ ಹಾದಿಯಲ್ಲಿ ನಿಧಾನವಾಗಿ, ಆದರೆ ಗಟ್ಟಿಯಾಗಿ ನಡೆದ ದೇಶ. ಅಲ್ಲಿನ ಎರಡು ಮುಖ್ಯ ಅನುದಾನ ಸಂಸ್ಥೆಗಳು 2015ರಲ್ಲಿ ಓರ್ಕಿಡ್ ಬಳಸುವಂತೆ ಸಂಶೋಧಕರನ್ನು ಉತ್ತೇಜಿಸಿದವು. ಮರುವರ್ಷ ಸಂಸ್ಥೆಗಳು ಒಟ್ಟಾಗಿ ಓರ್ಕಿಡ್ ಸದಸ್ಯತ್ವ ಪಡೆಯಲು ಒಕ್ಕೂಟ ಕಟ್ಟಿಕೊಂಡವು. 2018ರಲ್ಲಿ ರೂಪುಗೊಂಡ ಆಸ್ಟ್ರೇಲಿಯನ್ ರಿಸರ್ಚ್ ಡೇಟಾ ಕಾಮನ್ಸ್ ಈ ಕೆಲಸದ ಕೇಂದ್ರವಾಯಿತು. ಇಡೀ ಸಂಶೋಧನಾ ಯೋಜನೆಗೇ ಗುರುತು ಕೊಡುವ ರೇಡ್ ಹುಟ್ಟಿದ್ದೂ ಆ ದೇಶದಲ್ಲೇ. 2022ರಲ್ಲಿ ಅದು ಐಎಸ್‌ಒ 23527 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಅದೇ ವರ್ಷ ಬಂದ ವೆಚ್ಚ–ಲಾಭ ವಿಶ್ಲೇಷಣೆಯೊಂದು ಈ ಸಂಖ್ಯೆಗಳು ಬೇಕೆಂಬ ವಾದವನ್ನು ಹಣದ ಭಾಷೆಯಲ್ಲಿ ಮುಂದಿಟ್ಟಿತು. ಒಂದೇ ಅನುದಾನದ, ಒಂದೇ ಪ್ರಬಂಧದ ವಿವರವನ್ನು ಒಮ್ಮೆ ಅನುದಾನದ ಅರ್ಜಿಯಲ್ಲಿ, ಮತ್ತೊಮ್ಮೆ ವಿಶ್ವವಿದ್ಯಾಲಯದ ವ್ಯವಸ್ಥೆಯಲ್ಲಿ, ಇನ್ನೊಮ್ಮೆ ವಾರ್ಷಿಕ ವರದಿಯಲ್ಲಿ ಬೆರಳಚ್ಚಿಸುವುದರಲ್ಲೇ ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಸುಮಾರು 38,000 ಮಾನವ ದಿನಗಳು ಹೋಗುತ್ತಿವೆ, ಅದರ ನೇರ ವೆಚ್ಚ ಹತ್ತಿರಹತ್ತಿರ 2.4 ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂದು ಅದು ಅಂದಾಜಿಸಿತು. ಪ್ರಯೋಗಾಲಯದಲ್ಲಿ ಕಳೆಯಬೇಕಾದ ದಿನಗಳು ಫಾರಂ ತುಂಬುವುದರಲ್ಲಿ ಕರಗುತ್ತಿದ್ದವು. ಮೊತ್ತಕ್ಕಿಂತ ನೋವಿನ ಸಂಗತಿ ಅದು. ಕೊನೆಗೆ 2024ರಲ್ಲಿ ಅಲ್ಲಿನ ರಾಷ್ಟ್ರೀಯ ಕಾರ್ಯತಂತ್ರ ಪ್ರಕಟವಾಯಿತು.

ಬ್ರಿಟನ್ ಬೇರೆ ಬಾಗಿಲಿನಿಂದ ಬಂತು. ಮುಕ್ತ ಪ್ರಕಟಣೆಯ ಕುರಿತು 2018ರಲ್ಲಿ ಪ್ರೊಫೆಸರ್ ಆಡಮ್ ಟಿಕೆಲ್ ಸರ್ಕಾರಕ್ಕೆ ಕೊಟ್ಟ ಸಲಹೆಯಿಂದ ಅಲ್ಲಿ ಗುರುತು ಸಂಖ್ಯೆಗಳ ಕೆಲಸ ಶುರುವಾಯಿತು. ವಿಶ್ವವಿದ್ಯಾಲಯಗಳಿಗೆ ಡಿಜಿಟಲ್ ಸೇವೆ ಒದಗಿಸುವ ಜಿಸ್ಕ್ ಸಂಸ್ಥೆ ಮುಂದಾಳುತನ ವಹಿಸಿ ಪ್ರಬಂಧ, ಅನುದಾನ, ವ್ಯಕ್ತಿ, ಯೋಜನೆ, ಸಂಸ್ಥೆ ಈ ಐದರ ಗುರುತುಗಳಿಗೆ ಆದ್ಯತೆ ಕೊಟ್ಟಿತು. ಅಮೆರಿಕದಲ್ಲಿ 2021ರ ಅಧ್ಯಕ್ಷೀಯ ಆದೇಶ ಸಂಶೋಧನಾ ಭದ್ರತೆಯ ಕಾರಣಕ್ಕಾಗಿ ಸ್ಥಿರ ಗುರುತುಗಳ ವಿಷಯವನ್ನು ಎತ್ತಿಕೊಂಡಿತು.

ಭಾರತದಲ್ಲಿ ಬಿಡಿಭಾಗಗಳು ಬಹಳಷ್ಟು ಸಿದ್ಧವಿವೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ಪಿಎಚ್‌.ಡಿ. ಮಹಾಪ್ರಬಂಧಗಳಿಗೆ 10603ರಿಂದ ಆರಂಭವಾಗುವ, ಹ್ಯಾಂಡಲ್ ಎಂಬ ಸ್ಥಿರ ಸಂಖ್ಯೆಯಿದೆ. ಕರ್ನಾಟಕದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳೂ ಅದರಲ್ಲಿವೆ. ಅದೇ ಸಂಸ್ಥೆಯ ವಿದ್ವಾನ್ ತಾಣ ಪ್ರತಿ ತಜ್ಞರಿಗೂ ತನ್ನದೇ ಸಂಖ್ಯೆ ಕೊಟ್ಟು, ಪಕ್ಕದಲ್ಲಿ ಅವರ ಓರ್ಕಿಡ್ ದಾಖಲಿಸಲು ಅವಕಾಶ ಮಾಡಿದೆ. ಇವುಗಳನ್ನು ಅನುದಾನದ ಮತ್ತು ಯೋಜನೆಯ ಸಂಖ್ಯೆಗಳಿಗೆ ಬೆಸೆಯುವುದು, ವರ್ಷವರ್ಷದ ಸದಸ್ಯತ್ವ ಶುಲ್ಕ ಯಾರು ಕಟ್ಟಬೇಕೆಂದು ಗೊತ್ತುಮಾಡುವುದು, ಸಂಸ್ಥೆಯೊಂದು ಮುಚ್ಚಿದಾಗ ಅದರ ದಾಖಲೆಗಳನ್ನು ಯಾರು ವಹಿಸಿಕೊಳ್ಳಬೇಕೆಂದು ಬರಹದಲ್ಲಿ ಒಪ್ಪಿಕೊಳ್ಳುವುದು: ಕಾರ್ಯತಂತ್ರ ಕಟ್ಟಹೊರಟ ಯಾವ ದೇಶವಾದರೂ ತೀರ್ಮಾನಿಸಬೇಕಾದದ್ದು ಇವನ್ನೇ.