ಅಟ್ರೊಪೀನ್: ವಿಷವೂ ಪ್ರತಿವಿಷವೂ

ಶಿವಪೂಜೆಗೆಂದು ದತ್ತೂರಿಯ ಹೂವನ್ನು ಕೊಯ್ದು ತರುವ ಮನೆಯವರೇ ಅದರ ಮುಳ್ಳುಕಾಯಿಯನ್ನು ಮಕ್ಕಳ ಕೈಗೆ ಸಿಕ್ಕಗೊಡುವುದಿಲ್ಲ. ಈ ಗಿಡಕ್ಕೆ ಉಮ್ಮತ್ತಿಯೆಂದೂ ಮದಗುಣಿಕೆಯೆಂದೂ ಹೆಸರುಗಳುಂಟು. ಉನ್ಮಾದ, ಮದ ಎಂಬ ಅರ್ಥಗಳು ಆ ಹೆಸರುಗಳಲ್ಲಿಯೇ ಅಡಗಿವೆ. ಇದರ ಬೀಜವನ್ನು ತಿಂದವನ ಬಾಯಿ ಒಣಗುವುದು, ಮೈ ಬೆವರದೆ ಕಾಯುವುದು, ಮುಖ ಕೆಂಪೇರುವುದು, ಕಣ್ಣಿನ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುವುದು, ನಾಡಿ ಓಡುವುದು, ಬುದ್ಧಿ ಭ್ರಮಿಸುವುದು. ದಾರಿಹೋಕರ ಅನ್ನದಲ್ಲಿ ಇದನ್ನು ಬೆರಸಿ, ಅವರು ಎಚ್ಚರದಪ್ಪಿದಾಗ ದೋಚುತ್ತಿದ್ದ ಕಳ್ಳರ ವೃತ್ತಾಂತಗಳು 19ನೆಯ ಶತಮಾನದ ಇಂಡಿಯದ ನ್ಯಾಯವೈದ್ಯ ಗ್ರಂಥಗಳಲ್ಲಿ ದೊರೆಯುವುವು. ಇಂತಹ ವಿಷವೇ ಆಸ್ಪತ್ರೆಯಲ್ಲಿ ಪ್ರಾಣವನ್ನುಳಿಸುವ ಔಷಧವಾದುದು ಹೇಗೆಂಬುದನ್ನು ನಾವು ಈಗ ವಿಚಾರಮಾಡೋಣ.

ಸಸ್ಯಗಳಲ್ಲಿ ಹುಟ್ಟುವ, ಸಾರಜನಕವನ್ನೊಳಗೊಂಡ, ಸಾಮಾನ್ಯವಾಗಿ ಕ್ಷಾರಗುಣವುಳ್ಳ ಪದಾರ್ಥಗಳಿಗೆ ಆಲ್ಕಲಾಯ್ಡುಗಳೆಂದು ಹೆಸರು. ದತ್ತೂರಿಯಲ್ಲಿ ಹಯೊಸಯಮೀನ್, ಹಯೊಸೀನ್ ಎಂಬ ಆಲ್ಕಲಾಯ್ಡುಗಳು ಮುಖ್ಯವಾದುವು. ಯೂರೋಪಿನ ಬೆಲ್ಲಡೊನ್ನ ಗಿಡವೂ ಇದೇ ಕುಟುಂಬದ್ದು. ನಮ್ಮ ಬದನೆ, ಆಲೂಗಡ್ಡೆಗಳೂ ಇವುಗಳ ದಾಯಾದಿಗಳೇ. ಜರ್ಮನಿಯ ಔಷಧತಜ್ಞ ಮೈನ್ ಎಂಬವರು 1831ರಲ್ಲಿ ಬೆಲ್ಲಡೊನ್ನದ ಬೇರಿನಿಂದ ಅಟ್ರೊಪೀನನ್ನು ಶುದ್ಧರೂಪದಲ್ಲಿ ತೆಗೆದರು. ಗಿಡದಲ್ಲಿರುವುದು ಬಹುಮಟ್ಟಿಗೆ ಹಯೊಸಯಮೀನ್. ಅದನ್ನು ಬೇರ್ಪಡಿಸುವಾಗ ಅದರ ಅರ್ಧ ಪಾಲು, ಕನ್ನಡಿಯ ಪ್ರತಿಬಿಂಬದಂತಿರುವ ತನ್ನ ಜೋಡಿರೂಪಕ್ಕೆ ತಿರುಗುವುದು. ಈ ಎರಡರ ಸಮಮಿಶ್ರಣವೇ ಅಟ್ರೊಪೀನ್. ಗ್ರೀಕರ ಪುರಾಣದಲ್ಲಿ ಆಯುಸ್ಸಿನ ದಾರವನ್ನು ಕತ್ತರಿಸುವ ದೇವತೆಯಾದ ಅಟ್ರೊಪಾಸಳಿಂದ ಈ ಹೆಸರು ಬಂದಿತು.

ಇದರ ಕಾರ್ಯವನ್ನು ತಿಳಿಯಬೇಕಾದರೆ ನರಗಳ ಸಂದೇಶವು ಅವಯವಗಳನ್ನು ಮುಟ್ಟುವ ಬಗೆಯನ್ನು ಅರಿಯಬೇಕು. ಆಟೊ ಲೋವಿ ಎಂಬ ವಿಜ್ಞಾನಿಯು 1921ರಲ್ಲಿ, ಕಪ್ಪೆಯ ಹೃದಯಕ್ಕೆ ಹೋಗುವ ವೇಗಸ್ ನರವನ್ನು ಕೆರಳಿಸಿ ಹೃದಯದ ಬಡಿತವನ್ನು ನಿಧಾನಗೊಳಿಸಿದನು. ಅದರಲ್ಲಿದ್ದ ದ್ರವವನ್ನು ಮತ್ತೊಂದು ಹೃದಯಕ್ಕೆ ಹಾಯಿಸಲು ಅದೂ ನಿಧಾನವಾಯಿತು. ನರದ ತುದಿಯಿಂದ ಒಂದು ರಾಸಾಯನಿಕ ದೂತವು ಹೊರಡುವುದೆಂದು ಇದರಿಂದ ಸಿದ್ಧವಾಯಿತು. ಅಸಿಟೈಲ್‌ಕೋಲೀನ್ ಎಂಬುದೇ ಆ ದೂತ. ಅಟ್ರೊಪೀನ್ ಈ ದೂತನನ್ನು ನಾಶಮಾಡುವುದಿಲ್ಲ. ಅವನು ಕೂರಬೇಕಾದ ಪೀಠವನ್ನು ತಾನೇ ಆಕ್ರಮಿಸಿಕೊಳ್ಳುವುದು. ದೂತನು ಬಂದರೂ ಹೇಳಿದ ಮಾತು ನಡೆಯದು.

ದತ್ತೂರಿಯ ವಿಷಲಕ್ಷಣಗಳೆಲ್ಲಕ್ಕೂ ಇದೇ ಮೂಲ. ವೈದ್ಯನ ಉಪಯೋಗಗಳಿಗೂ ಇದೇ ಮೂಲ. ಕಣ್ಣಿಗೆ ಬಿಟ್ಟ ಹನಿಯು ಪಾಪೆಯನ್ನು ಹಿಗ್ಗಿಸಿ, ಉರಿಯೂತಕ್ಕೆ ಸಿಕ್ಕಿದ ಒಳಸ್ನಾಯುಗಳಿಗೆ ವಿಶ್ರಾಂತಿ ಕೊಡುವುದು. ಹೃದಯದ ಬಡಿತವು ಅಪಾಯಕರವಾಗಿ ಇಳಿದಾಗ ರಕ್ತನಾಳಕ್ಕೆ ಕೊಟ್ಟ 1 ಮಿಲಿಗ್ರಾಮಿನಷ್ಟು ಔಷಧವು ಅನೇಕ ವೇಳೆ ಅದನ್ನು ಏರಿಸುವುದು. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಜೊಲ್ಲು, ಕಫಗಳನ್ನು ತಗ್ಗಿಸುವುದಕ್ಕೂ ಇದು ಉಪಯುಕ್ತ.

ಆದರೆ ಇದರ ಮಹತ್ತ್ವವು ಹೆಚ್ಚಾಗಿ ಕಾಣುವುದು ಕ್ರಿಮಿನಾಶಕಗಳ ವಿಷಬಾಧೆಯಲ್ಲಿ. ಆರ್ಗನೊಫಾಸ್ಫರಸ್ ಜಾತಿಯ ಕ್ರಿಮಿನಾಶಕಗಳು ಉಸಿರಿನಿಂದಲೂ ಚರ್ಮದಿಂದಲೂ ಒಳಹೊಗಬಲ್ಲುವು. ಕೆಲಸ ಮುಗಿಸಿದ ಅಸಿಟೈಲ್‌ಕೋಲೀನನ್ನು ಒಡೆದುಹಾಕುವ ಕಿಣ್ವವನ್ನು ಇವು ಕಟ್ಟಿಹಾಕುವುವು. ಆಗ ದೂತರ ಸಂಖ್ಯೆ ಮಿತಿಮೀರಿ, ಬೆವರು ಜೊಲ್ಲುಗಳು ಸುರಿಯುವುವು; ಪಾಪೆ ಕುಗ್ಗುವುದು; ನಾಡಿ ಇಳಿಯುವುದು; ಶ್ವಾಸಕೋಶವು ದ್ರವದಿಂದ ತುಂಬಿ ರೋಗಿಗೆ ಉಸಿರು ಕಟ್ಟುವುದು. ದತ್ತೂರಿಯ ವಿಷಕ್ಕೆ ಇದು ತದ್ವಿರುದ್ಧವಾದ ಚಿತ್ರವೆಂಬುದನ್ನು ಗಮನಿಸಬೇಕು. ವೈದ್ಯನು ಸುಮಾರು 2 ಮಿಲಿಗ್ರಾಮಿನಿಂದ ಮೊದಲುಮಾಡಿ, ಗುಣ ಕಾಣದಿದ್ದರೆ 5 ನಿಮಿಷಕ್ಕೊಮ್ಮೆ ಇಮ್ಮಡಿಗೊಳಿಸುತ್ತ ಹೋಗುವನು. ಆರೋಗ್ಯವಂತನನ್ನು ಭ್ರಮೆಗೊಳಿಸುವ ಪ್ರಮಾಣವು ಈ ರೋಗಿಗೆ ಸಾಲದೆ ಹೋಗಬಹುದು.

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ಪಾಪೆಯೊಂದನ್ನೇ ನೋಡಿ ತೀರ್ಮಾನಿಸಲಾಗದು. ಎದೆಗೆ ಕಿವಿಗೊಟ್ಟಾಗ ಶ್ವಾಸಕೋಶ ನಿರ್ಮಲವಾಗಿರಬೇಕು. ನಾಡಿಯೂ ರಕ್ತದ ಒತ್ತಡವೂ ತಕ್ಕಮಟ್ಟಿಗೆ ಏರಿರಬೇಕು. ಅದನ್ನೂ ಮೀರಿ ಜ್ವರ, ಚಡಪಡಿಕೆ, ಕರುಳಿನ ಸ್ತಬ್ಧತೆಗಳು ತೋರಿದರೆ ಪ್ರತಿವಿಷವೇ ವಿಷವಾಗತೊಡಗಿತೆಂದು ಅರ್ಥ. ಸ್ನಾಯುಗಳ ದೌರ್ಬಲ್ಯವನ್ನು ಮಾತ್ರ ಅಟ್ರೊಪೀನ್ ಹೋಗಲಾಡಿಸದು. ಆಗ ಯಂತ್ರದಿಂದ ಉಸಿರಾಡಿಸಬೇಕಾಗುವುದು.

ಈ ವೈರವು ಎರಡು ಕಡೆಗೂ ಸಲ್ಲುವುದು. ಮೇಲೆ ಹೇಳಿದ ಕಿಣ್ವವನ್ನೇ ತಾತ್ಕಾಲಿಕವಾಗಿ ತಡೆಯುವ ಫೈಸೊಸ್ಟಿಗ್ಮೀನ್ ಎಂಬ ಆಲ್ಕಲಾಯ್ಡು ಆಫ್ರಿಕದ ಕ್ಯಾಲಬಾರ್ ಬೀಜದಲ್ಲಿದೆ. 1864ರಲ್ಲಿ ಪ್ರಾಗ್ ನಗರದಲ್ಲಿ ಕ್ಲೈನ್‌ವೆಖ್ಟರ್ ಎಂಬ ವೈದ್ಯರು ಈ ಬೀಜದ ಸತ್ತ್ವವನ್ನು ಅಟ್ರೊಪೀನ್ ವಿಷಕ್ಕೆ ಪ್ರತಿವಿಷವಾಗಿ ಪ್ರಯೋಗಿಸಿದರು.

ದತ್ತೂರಿಯೇ ಪ್ರತಿವಿಷವಾದಮೇಲೆ ಹಿತ್ತಲಿನ ಬೀಜವನ್ನೇ ಅರೆದು ಕುಡಿಸಬಾರದೇಕೆಂದು ಯಾರಾದರೂ ಕೇಳಬಹುದು. ಕೂಡದೆಂಬುದೇ ನಮ್ಮ ಉತ್ತರ. ಗಿಡದಿಂದ ಗಿಡಕ್ಕೆ, ಎಲೆಯಿಂದ ಬೀಜಕ್ಕೆ ಸತ್ತ್ವದ ಪ್ರಮಾಣ ಬೇರೆಯಾಗುವುದು. ಅದನ್ನು ಅಳೆಯುವ ಸಾಧನ ಮನೆಯಲ್ಲಿಲ್ಲ. ಮೈಮೇಲೆ ಕ್ರಿಮಿನಾಶಕ ಬಿದ್ದವನ ಬಟ್ಟೆಯನ್ನು ಕಳಚಿ, ಸಾಬೂನು ನೀರುಗಳಿಂದ ಮೈಯನ್ನು ಚೆನ್ನಾಗಿ ತೊಳೆದು, ವಿಳಂಬವಿಲ್ಲದೆ ಆಸ್ಪತ್ರೆಗೆ ಸಾಗಿಸುವುದೇ ಮನೆಯವರು ಮಾಡಬಹುದಾದ ಚಿಕಿತ್ಸೆ. ತೊಳೆಯುವವರು ತಮ್ಮ ಕೈಗೆ ವಿಷ ಸೋಕದಂತೆಯೂ ನೋಡಿಕೊಳ್ಳಬೇಕು. ವಿಷದಲ್ಲಿ ಔಷಧವಿದೆಯೆಂಬ ಮಾತು ನಿಜ. ಆದರೆ ಆ ಔಷಧವು ಅಳತೆಯನ್ನು ಬಲ್ಲ ಕೈಗಳಲ್ಲಿ ಮಾತ್ರ ಔಷಧ.