ಅರ್ಧ ಹೊಂದಿದ ಮಜ್ಜೆ ಒಗ್ಗುವುದು ಹೇಗೆ?

ರಕ್ತದ ಕ್ಯಾನ್ಸರ್‌ಗೆ ಅಸ್ಥಿಮಜ್ಜೆ ಕಸಿ ಮಾಡಬೇಕೆಂದಾಗ ವೈದ್ಯರು ಮೊದಲು ನೋಡುವುದು ಒಡಹುಟ್ಟಿದವರನ್ನು. ಎಚ್‌ಎಲ್‌ಎ ಎಂಬ ಗುರುತು ಪೂರ್ತಿ ಹೊಂದುವ ಸಾಧ್ಯತೆ ಒಬ್ಬೊಬ್ಬರಿಗೂ ಶೇ 25 ಮಾತ್ರ. ಅಪ್ಪನದೋ ಅಮ್ಮನದೋ ಆದರೆ ಅರ್ಧವಂತೂ ಹೊಂದುತ್ತದೆ. ಆ ಅರ್ಧದಲ್ಲೇ ಕಸಿ ನಡೆಸುವ ದಾರಿಯನ್ನು ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿದ್ದ ಯಾಯೀರ್ ರೈಸ್ನರ್ ನಾಲ್ಕು ದಶಕಗಳಿಂದ ಹುಡುಕುತ್ತ ಬಂದಿದ್ದಾರೆ.

ತೊಡಕೆಲ್ಲ ಟಿ ಕೋಶಗಳೆಂಬ ರಕ್ಷಣಾ ಕೋಶಗಳದ್ದು. ಮಜ್ಜೆಯ ಜೊತೆ ಬಂದ ದಾನಿಯ ಟಿ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳುತ್ತವೆ. ಅವನ್ನು ತೆಗೆದುಹಾಕಿದರೆ ರೋಗಿಯಲ್ಲಿ ಅಳಿದುಳಿದ ಟಿ ಕೋಶಗಳು ಮಜ್ಜೆಯನ್ನೇ ಕೊಲ್ಲುತ್ತವೆ.

ತೆಗೆಯುವ ಉಪಾಯ ಸಿಕ್ಕಿದ್ದು ಸೋಯಾಬೀನ್‌ನಲ್ಲಿ. ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನನ್ನು ಮಜ್ಜೆಗೆ ಬೆರೆಸಿದರೆ ಬಲಿತ ಕೋಶಗಳು ಒಡೆದ ಹಾಲಿನಂತೆ ಗರಣೆಗಟ್ಟಿ ತಳ ಸೇರುತ್ತವೆ. ಬೇಕಾದ ಕಾಂಡಕೋಶಗಳು ಅಂಟದೆ ಉಳಿಯುತ್ತವೆ. ತಪ್ಪಿಸಿಕೊಂಡ ಟಿ ಕೋಶಗಳಿಗೆ ಕುರಿಯ ಕೆಂಪು ರಕ್ತಕಣ ಬೆರೆಸುತ್ತಾರೆ. ಕಣಗಳು ಸುತ್ತ ಅಂಟಿಕೊಂಡು ಅವೂ ಭಾರಕ್ಕೆ ಕೆಳಗಿಳಿಯುತ್ತವೆ. 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್‌ನಲ್ಲಿ ಇದನ್ನು ರೋಗಿಗಳ ಮೇಲೆ ಬಳಸಿದರು. ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟಿದ ಕೂಸುಗಳಲ್ಲಿ ಇದು ಫಲಿಸಿತು, ಅಲ್ಲಿ ಎದುರು ನಿಲ್ಲುವ ಟಿ ಕೋಶಗಳೇ ಇರಲಿಲ್ಲವಲ್ಲ! ಲ್ಯುಕೀಮಿಯಾ ರೋಗಿಗಳಲ್ಲಿ ಮಾತ್ರ ಮಜ್ಜೆ ಎಷ್ಟೋ ಸಲ ಹಿಡಿಯಲಿಲ್ಲ. 1990ರ ದಶಕದಲ್ಲಿ ಇಟಲಿಯ ಪೆರೂಜಾದ ವೈದ್ಯರೊಂದಿಗೆ ಸೇರಿ ರೈಸ್ನರ್ ಕಾಂಡಕೋಶಗಳ ಪ್ರಮಾಣವನ್ನೇ ಹಲವು ಪಟ್ಟು ಏರಿಸಿದರು. ಆಗ ಹಿಡಿಯಿತು.

ಬರೀ ಸಂಖ್ಯೆಯ ಬಲದಿಂದಲ್ಲ. ದಾನಿಯ ಕೆಲವು ಕೋಶಗಳಿಗೆ 'ವೀಟೋ' ಗುಣವಿದೆ. ರೋಗಿಯ ಟಿ ಕೋಶ ಅಂಥದನ್ನು ಪರಕೀಯವೆಂದು ಗುರುತಿಸಿ ಹಿಡಿದ ಗಳಿಗೆಯಲ್ಲೇ, ಹಿಡಿದದ್ದೇ ಸಾಯುತ್ತದೆ. ಸಿಡಿ8 ಎಂಬ ಅಣುವಿರುವ ಟಿ ಕೋಶಗಳಲ್ಲಿ ಈ ಗುಣ ಜೋರು: ಆ ಅಣು ಎದುರಾಳಿಯನ್ನು ಬಿಗಿಯಾಗಿ ಹಿಡಿದರೆ, ಫಾಸ್ ಲಿಗ್ಯಾಂಡ್ ಎಂಬ ಇನ್ನೊಂದು ಅಣು ಅದಕ್ಕೆ ಸಾಯುವ ಸೂಚನೆ ಕೊಡುತ್ತದೆ. ನನಗೆ ಮೆಚ್ಚುಗೆಯಾಗುವುದು ಇದರ ಮಿತವ್ಯಯ. ಸಾಯುವುದು ಕೈಹಾಕಿದ ಕೋಶ ಮಾತ್ರ, ಸೋಂಕಿನೊಡನೆ ಹೋರಾಡುವ ಉಳಿದವು ಹಾಗೇ ಇರುತ್ತವೆ.

ಆದರೆ ಸಿಡಿ8 ಕೋಶಗಳೂ ಟಿ ಕೋಶಗಳೇ, ರೋಗಿಯನ್ನು ಕಚ್ಚಬಲ್ಲವು. ಅದಕ್ಕೆ ರೈಸ್ನರ್ ತಂಡ ಅವನ್ನು ಪ್ರಯೋಗಾಲಯದಲ್ಲಿ ದಾನಿಯೂ ಅಲ್ಲದ, ರೋಗಿಯೂ ಅಲ್ಲದ ಮೂರನೆಯವರ ಕೋಶಗಳ ಎದುರು ಬೆಳೆಸಿತು. ಆ ಮೂರನೆಯವರನ್ನು ಗುರುತಿಸುವ ಕೋಶಗಳಷ್ಟೇ ಪ್ರಚೋದನೆ ಸಿಕ್ಕಿ ಬದುಕುತ್ತವೆ. ರೋಗಿಯ ವಿರುದ್ಧ ಏಳಬಹುದಾದವು ಪೋಷಣೆಯಿಲ್ಲದೆ ಸೊರಗುತ್ತವೆ. ಮುಂದೆ ಮೂರನೆಯವರ ಬದಲು ವೈರಸ್‌ಗಳ ಪ್ರೋಟೀನ್ ತುಣುಕುಗಳನ್ನು ಒಡ್ಡಿದರು. ಒಂದೇ ಕೋಶ ವೀಟೋ ಕೆಲಸವನ್ನೂ ಮಾಡುತ್ತದೆ, ಕಸಿಯಾದವರನ್ನು ಕಾಡುವ ಸೈಟೊಮೆಗಲೊ ವೈರಸ್ಸನ್ನೂ ತಡೆಯಬಲ್ಲದು.

ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಈ ಕೋಶಗಳನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಹಂತಕ್ಕೆ ಕೆಲಸ ತಲುಪಿದೆ. ಇಷ್ಟರಲ್ಲಿ ಅರ್ಧ ಹೊಂದಿಕೆಯ ಕಸಿಯನ್ನು ಭಾರತದ ಆಸ್ಪತ್ರೆಗಳೂ ಮಾಡುತ್ತಿವೆ, ಆದರೆ ಬೇರೆ ದಾರಿಯಿಂದ: ಕಸಿಯಾದ ಮೂರು–ನಾಲ್ಕನೇ ದಿನ ಸೈಕ್ಲೊಫಾಸ್ಫಮೈಡ್ ಎಂಬ ಹಳೆಯ, ಅಗ್ಗದ ಔಷಧ ಕೊಟ್ಟು, ಆವೇಶದಿಂದ ವಿಭಜಿಸುತ್ತಿರುವ ಟಿ ಕೋಶಗಳನ್ನು ಕೊಲ್ಲುತ್ತಾರೆ. ಔಷಧವಾದರೆ ಅಂಗಡಿಯಿಂದ ತರಬಹುದು. ವೀಟೋ ಕೋಶಗಳನ್ನು ಆಯಾ ರೋಗಿಯ ದಾನಿಯಿಂದಲೇ ಪಡೆದು ಪ್ರತಿ ಸಲವೂ ಹೊಸದಾಗಿ ಬೆಳೆಸಬೇಕು.